ಜನೀನ್ ಟೀಚರ್ ‘ಬೇಡ’ ಅಂದಾಗ

ಒಬ್ಬಳು ಪ್ರೈಮರಿ ಸ್ಕೂಲ್ ಟೀಚರ್. ಅದೇ ಸ್ಕೂಲಿನ ಒಬ್ಬ ಮೇಷ್ಟ್ರು ಅವಳನ್ನು ಇಷ್ಟಪಡುತ್ತಾನೆ. ಅವಳಿಗೂ ಅವನು ಇಷ್ಟವೇ. ಕೊನೆಗೂ ಅವನು ಬಾಯಿ ಬಿಟ್ಟು ಹೇಳಿದಾಗ ಅವಳು ‘ಈಗ ಬೇಡ’ ಅಂದುಬಿಡುತ್ತಾಳೆ. ಅಲ್ಲಿಗೆ ಸೀಸನ್ ಮುಗಿಯುತ್ತದೆ. ಟಿವಿ ಮುಂದೆ ಕೂತಿದ್ದವರಲ್ಲಿ ಎಷ್ಟೋ ಜನಕ್ಕೆ ಸಿಟ್ಟು ಬಂತು. ಎರಡು ಸೀಸನ್ ಕಾಯಿಸಿ ಹೀಗಾ ಮಾಡೋದು ಅಂತ ಬೈದುಕೊಂಡರು. ಇನ್ನು ಕೆಲವರು ಸರಿಯಾಗಿ ಮಾಡಿದಳು ಅಂದರು.

ಇದು ಅಮೆರಿಕದ ‘ಅಬಾಟ್ ಎಲಿಮೆಂಟರಿ’ ಅನ್ನೋ ಹಾಸ್ಯ ಧಾರಾವಾಹಿಯ ಮಾತು. 2023ರ ಏಪ್ರಿಲ್ 19ರಂದು ಅದರ ಎರಡನೇ ಸೀಸನ್ನಿನ ಕೊನೆಯ ಕಂತು ಬಂತು. ಪತ್ರಿಕೋದ್ಯಮ ಓದಿ ಊರು ಸೇರಿಕೊಂಡ ನಾವು ಐದು ಜನ ಅದನ್ನು ನೋಡಿದ್ದು ತುಂಬಾ ತಡವಾಗಿ, ಮೊಬೈಲಿನಲ್ಲಿ, ಇಂಗ್ಲಿಷ್ ಸಬ್‌ಟೈಟಲ್ ಓದಿಕೊಂಡು, ಅಲ್ಲಲ್ಲಿ ನಿಲ್ಲಿಸಿ ಅರ್ಥ ಕೇಳಿಕೊಂಡು. ತಡವಾಗಿ ನೋಡಿದರೂ ಜಗಳ ಮಾತ್ರ ಬಿಸಿಬಿಸಿಯಾಗೇ ಆಯಿತು. ಮೂವರು ಅವಳ ಕಡೆ, ಇಬ್ಬರು ಅವನ ಕಡೆ. ಆ ಜಗಳ ಎಲ್ಲೆಲ್ಲಿಗೆ ಹೋಗಿ ನಿಂತಿತು ಅಂತ ಹೇಳೋಕೆ ಈ ಬರಹ.

ಧಾರಾವಾಹಿ ನೋಡದವರಿಗೂ ಇದು ಅರ್ಥ ಆಗುತ್ತೆ. ಸರ್ಕಾರಿ ಶಾಲೆಯಲ್ಲಿ ಓದಿದ್ದರೆ ಸಾಕು.

ಇದು ಎಂಥಾ ಶಾಲೆ?

ಪೆನ್ಸಿಲ್ವೇನಿಯಾ ರಾಜ್ಯದಲ್ಲಿ ಫಿಲಡೆಲ್ಫಿಯಾ ಅಂತ ದೊಡ್ಡ ನಗರ ಇದೆ. ಅಲ್ಲಿನ ಒಂದು ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಕಥೆ ನಡೆಯುತ್ತದೆ. ಶಾಲೆ ಕಲ್ಪನೆಯದು, ಊರು ನಿಜದ್ದು. ಅಲ್ಲಿ ಓದೋ ಮಕ್ಕಳಲ್ಲಿ ಹೆಚ್ಚಿನವರು ಕಪ್ಪು ಜನಾಂಗದವರು, ಕೈಯಲ್ಲಿ ಕಾಸಿಲ್ಲದ ಮನೆಗಳಿಂದ ಬರುವವರು. ಯಾರೋ ಒಂದು ತಂಡ ಶಾಲೆಯ ಸಾಕ್ಷ್ಯಚಿತ್ರ ತೆಗೆಯೋಕೆ ಬಂದಿದೆ ಅನ್ನೋ ಹಾಗೆ ಧಾರಾವಾಹಿ ಕಟ್ಟಿದ್ದಾರೆ. ಅದಕ್ಕೇ ಟೀಚರುಗಳು ಆಗಾಗ ಕ್ಯಾಮೆರಾ ಕಡೆ ತಿರುಗಿ, ‘ನೋಡಿದ್ರಾ ನಮ್ಮ ಪಾಡು’ ಅನ್ನೋ ಹಾಗೆ ಒಂದು ನೋಟ ಬಿಡುತ್ತಾರೆ. ಅರ್ಧ ನಗು ಆ ನೋಟದಲ್ಲೇ ಇದೆ.

ಮೊದಲ ಕಂತಿನಲ್ಲೇ ಒಂದು ಮಗು ಕ್ಲಾಸಿನ ಜಮಖಾನದ ಮೇಲೆ ಉಚ್ಚೆ ಮಾಡುತ್ತದೆ. ಹೊಸ ಜಮಖಾನ ಬೇಕು. ಶಾಲೆಗೆ ಹಣ ಬರುತ್ತದೆ. ಹೆಡ್‌ಮೇಡಂ ಏವಾ ಆ ಹಣದಲ್ಲಿ ಶಾಲೆ ಮುಂದೆ ಹೊಸ ಬೋರ್ಡ್ ಹಾಕಿಸುತ್ತಾಳೆ, ಅದರಲ್ಲಿ ತನ್ನದೇ ಫೋಟೋ! ಗ್ರಾಮ ಪಂಚಾಯ್ತಿಯ ಬಸ್ ಸ್ಟ್ಯಾಂಡಿಗಿಂತ ಅದರ ಮೇಲಿನ ಫೋಟೋ ದೊಡ್ಡದಾಗಿರೋದನ್ನು ನೋಡಿ ಬೆಳೆದ ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ.

ಎರಡನೇ ತರಗತಿಯ ಟೀಚರ್ ಜನೀನ್. ಕುಳ್ಳಗೆ, ಚುರುಕಾಗಿ, ಎಲ್ಲಾ ಸರಿ ಮಾಡ್ತೀನಿ ಅಂತ ಹೊರಡೋಳು. ವರಾಂಡದಲ್ಲಿ ಒಂದು ಲೈಟು ಪುಕಪುಕ ಅನ್ನುತ್ತಿದ್ದರೆ ತಾನೇ ರಿಪೇರಿಗೆ ಕೈ ಹಾಕಿ ಶಾಲೆಯ ಕರೆಂಟನ್ನೇ ತೆಗೆಯೋಳು. ಗ್ರೆಗರಿ ಮೊದಲ ಸೀಸನ್ನಿನಲ್ಲಿ ಬದಲಿ ಮೇಷ್ಟ್ರಾಗಿ ಬಂದವನು, ಎರಡನೆಯದರಲ್ಲಿ ಕಾಯಂ ಆದವನು. ವಯಸ್ಸಾದ ಬಾರ್ಬರಾ ಟೀಚರ್ ಇಡೀ ಶಾಲೆಗೆ ದೊಡ್ಡಮ್ಮ ಇದ್ದ ಹಾಗೆ. ನೆಲ ಒರೆಸೋ ಜಾನ್ಸನ್ ಅವರಿಗೆ ಗೊತ್ತಿಲ್ಲದ ವಿಷಯವೇ ಇಲ್ಲ.

ಇದನ್ನು ಬರೆದು ಜನೀನ್ ಪಾತ್ರವನ್ನೂ ಮಾಡಿರೋರು ಕ್ವಿಂಟಾ ಬ್ರನ್ಸನ್. ಅವರು ಹುಟ್ಟಿ ಬೆಳೆದದ್ದು ಫಿಲಡೆಲ್ಫಿಯಾದಲ್ಲೇ. ಅವರ ತಾಯಿ ಅಲ್ಲೇ ಶಿಶುವಿಹಾರದ ಮಕ್ಕಳಿಗೆ ಪಾಠ ಹೇಳುತ್ತಿದ್ದರು. ಧಾರಾವಾಹಿಗೆ ‘ಅಬಾಟ್’ ಅಂತ ಹೆಸರಿಟ್ಟದ್ದು ತಮಗೆ ಆರನೇ ಕ್ಲಾಸಿನಲ್ಲಿ ಪಾಠ ಮಾಡಿದ ಜಾಯ್ಸ್ ಅಬಾಟ್ ಟೀಚರ್ ನೆನಪಿಗೆ. 2022ರಲ್ಲಿ ಮೊದಲ ಕಂತಿನ ಬರವಣಿಗೆಗೆ ಬ್ರನ್ಸನ್ ಅವರಿಗೆ ಎಮ್ಮಿ ಪ್ರಶಸ್ತಿ ಬಂತು. ಅದು ಅಮೆರಿಕದಲ್ಲಿ ಟಿವಿಗೆ ಕೊಡುವ ದೊಡ್ಡ ಪ್ರಶಸ್ತಿ.

ಆ ‘ಬೇಡ’ದ ಹಿಂದೆ ಏನಿತ್ತು?

ಹಾಸ್ಯ ಧಾರಾವಾಹಿಗಳಲ್ಲಿ ಇದೊಂದು ಹಳೇ ಲೆಕ್ಕ. ಒಬ್ಬ ಹುಡುಗ, ಒಬ್ಬ ಹುಡುಗಿ. ಕೂಡುತ್ತಾರಾ ಇಲ್ಲವಾ ಅಂತ ಜನರನ್ನು ಕಾಯಿಸೋದು. ಇದೇ ಥರ ಸಾಕ್ಷ್ಯಚಿತ್ರದ ವೇಷ ಹಾಕಿದ್ದ ‘ದಿ ಆಫೀಸ್’ ಅನ್ನೋ ಧಾರಾವಾಹಿಯ ಎರಡನೇ ಸೀಸನ್ ಮುಗಿದದ್ದು 2006ರ ಮೇ ತಿಂಗಳಲ್ಲಿ, ಜಿಮ್ ಮತ್ತು ಪ್ಯಾಮ್ ಕೊಟ್ಟುಕೊಂಡ ಒಂದು ಮುತ್ತಿನಿಂದ. ಅದನ್ನು ನೋಡಿದ್ದವರು ಇಲ್ಲೂ ಅಂಥದ್ದೇ ಆಗುತ್ತೆ ಅಂತ ಎಣಿಸಿದ್ದರು. ಒಂದು ಶಿಕ್ಷಕರ ಸಮ್ಮೇಳನದ ಕಂತಿನಲ್ಲಿ ಜನೀನ್ ಮತ್ತು ಗ್ರೆಗರಿ ಮುತ್ತು ಕೊಟ್ಟುಕೊಂಡೂ ಆಗಿತ್ತು. ಇನ್ನೇನು ಉಳಿದಿದೆ?

ಕೊನೆಯ ಕಂತಿನಲ್ಲಿ ಮಕ್ಕಳನ್ನೆಲ್ಲ ಫ್ರಾಂಕ್ಲಿನ್ ಇನ್‌ಸ್ಟಿಟ್ಯೂಟ್‌ಗೆ ಕರಕೊಂಡು ಹೋಗುತ್ತಾರೆ. ಅದು ಫಿಲಡೆಲ್ಫಿಯಾದ ಹೆಸರಾಂತ ವಿಜ್ಞಾನ ವಸ್ತುಸಂಗ್ರಹಾಲಯ. ಮನುಷ್ಯರ ಹೃದಯವನ್ನು ಒಂದು ಮನೆಯಷ್ಟು ದೊಡ್ಡದಾಗಿ ಮಾಡಿಟ್ಟಿದ್ದಾರೆ, ಅದರೊಳಗೆ ನಡೆದುಕೊಂಡು ಹೋಗಬಹುದು. ರಾತ್ರಿ ಮಕ್ಕಳು, ಟೀಚರುಗಳು ಎಲ್ಲ ಅಲ್ಲೇ ಮಲಗೋದು. ಆ ರಾತ್ರಿ ಗ್ರೆಗರಿ ಮನಸ್ಸಿನಲ್ಲಿರೋದನ್ನು ಹೇಳುತ್ತಾನೆ. ನನಗೂ ಹಾಗೇ ಇದೆ, ಆದರೆ ನಾನು ಸ್ವಲ್ಪ ದಿನ ನನ್ನ ಬಗ್ಗೆ ನೋಡಿಕೊಳ್ಳಬೇಕು ಅನ್ನೋ ಅರ್ಥದ ಮಾತನ್ನು ಜನೀನ್ ಹೇಳುತ್ತಾಳೆ.

ನಮ್ಮ ಗುಂಪಿನ ಇಬ್ಬರಿಗೆ ಇದು ಹಿಡಿಸಲಿಲ್ಲ. ಕಥೆ ಎಳೆಯೋಕೆ ಹೀಗೆ ಮಾಡಿದ್ದಾರೆ, ನಮ್ಮ ಸೀರಿಯಲ್ಲುಗಳಲ್ಲಿ ಮಾಂಗಲ್ಯದ ಹೊತ್ತಿಗೆ ‘ನಿಲ್ಲಿಸೀ’ ಅಂತ ಯಾರೋ ಬಾಗಿಲಲ್ಲಿ ಕೂಗೋ ಹಾಗೆ, ಅಂದರು.

ಆಗ ಬಾಯಿ ಹಾಕಿದ್ದು ಅಕ್ಕ. ಅಕ್ಕ ಅಂದರೆ ನಮ್ಮಲ್ಲೊಬ್ಬಳ ಸ್ವಂತ ಅಕ್ಕ, ಉಳಿದವರಿಗೂ ಅಕ್ಕನೇ. ಸರ್ಕಾರಿ ಶಾಲೆಯಲ್ಲಿ ಅತಿಥಿ ಶಿಕ್ಷಕಿ. ಹಿಂದೆ ಕೂತು ಬೀನ್ಸ್ ನಾರು ತೆಗೆಯುತ್ತಾ ನೋಡುತ್ತಿದ್ದವರು, “ಹೋದ ಕಂತಲ್ಲಿ ಅವಳ ಅಮ್ಮ ಬಂದಿದ್ದಳಲ್ಲ, ಅದನ್ನ ಮರೆತುಬಿಟ್ರಾ?” ಅಂದರು.

ಹೌದು, ಮರೆತಿದ್ದೆವು ಅಂತಲ್ಲ, ಎರಡನ್ನೂ ಸೇರಿಸಿ ನೋಡಿರಲಿಲ್ಲ. ಅದಕ್ಕೆ ಒಂದು ವಾರ ಮೊದಲು, ಏಪ್ರಿಲ್ 12ರ ಕಂತಿನಲ್ಲಿ ಜನೀನ್ ತಾಯಿ ಬರುತ್ತಾಳೆ. ಮಗಳ ಮೇಲೆ ಪ್ರೀತಿ ಇಲ್ಲ ಅಂತಲ್ಲ, ಆದರೆ ಬಂದಿರೋದು ದುಡ್ಡಿಗೆ. ಚಿಕ್ಕಂದಿನಿಂದ ತಾಯಿಯ ಭಾರವನ್ನು ತಾನೇ ಹೊತ್ತ ಮಗಳು ಅವತ್ತು ಮೊದಲ ಸಲ ಆಗಲ್ಲ ಅನ್ನುತ್ತಾಳೆ. ಅದಕ್ಕೂ ಹಿಂದೆ, ಮೊದಲ ಸೀಸನ್ನಿನ ಕೊನೆಯಲ್ಲಿ, ಹುಡುಗಿಯಾಗಿದ್ದಾಗಿನಿಂದ ಜೊತೆಗಿದ್ದ ಗೆಳೆಯನಿಂದ ದೂರ ಆಗಿದ್ದಾಳೆ. ಅವನನ್ನೂ ಅವಳೇ ಸಾಕುತ್ತಿದ್ದಳು ಅಂದರೆ ತಪ್ಪಲ್ಲ.

“ಎಲ್ಲರಿಗೂ ಹೂಂ ಅಂದು ಅಂದು ಅಭ್ಯಾಸ ಆದವಳು ಕಣೇ ಅವಳು,” ಅಕ್ಕ ಹೇಳಿದರು. “ಬೇಡ ಅನ್ನೋದನ್ನ ಈಗ ಕಲೀತಾ ಇದಾಳೆ. ಅಮ್ಮನ ಹತ್ರ ಕಲಿತಳು, ಇವನ ಹತ್ರ ಹೇಳಿದಳು. ಆ ಹುಡುಗ ಒಳ್ಳೇವನೇ ಇರಬಹುದು. ಒಳ್ಳೇವರಿಗೂ ಬೇಡ ಅನ್ನಬಹುದಪ್ಪ.”

ಅಷ್ಟು ಹೇಳಿ ಬೀನ್ಸ್ ತಟ್ಟೆ ತಗೊಂಡು ಒಳಗೆ ಹೋದರು. ನಾವು ಐವರೂ ಒಂದು ಗಳಿಗೆ ಸುಮ್ಮನಾದೆವು.

ಹೂಂ ಅನ್ನೋ ಟೀಚರ್ ಮೇಲೆ ನಮಗ್ಯಾಕೆ ಅಷ್ಟು ಪ್ರೀತಿ?

ಜನೀನ್ ಮೇಲೆ ನೋಡುಗರಿಗೆ ಪ್ರೀತಿ ಹುಟ್ಟಿದ್ದೇ ಅವಳು ಯಾವುದಕ್ಕೂ ಆಗಲ್ಲ ಅನ್ನದೇ ಇದ್ದದ್ದಕ್ಕೆ. ಜಮಖಾನ ಬೇಕಾ, ನಾನು ನೋಡ್ತೀನಿ. ಲೈಟು ಹೋಯ್ತಾ, ನಾನು ಹಾಕ್ತೀನಿ. ಪುಸ್ತಕ ಇಲ್ವಾ, ನಾನು ಹುಡುಕ್ತೀನಿ. ಇಂಥಾ ಟೀಚರನ್ನು ಯಾರು ಇಷ್ಟಪಡಲ್ಲ ಹೇಳಿ?

ಆದರೆ ಈ ಒಳ್ಳೆತನಕ್ಕೆ ಯಾರದೋ ಜೇಬಿನಿಂದ ದುಡ್ಡು ಹೋಗುತ್ತಿರುತ್ತದೆ. ಅಮೆರಿಕದ ಕೇಂದ್ರ ಸರ್ಕಾರದ ಶಿಕ್ಷಣ ಅಂಕಿಅಂಶ ಕೇಂದ್ರ 2014-15ನೇ ಸಾಲಿನ ಬಗ್ಗೆ ಒಂದು ಸಮೀಕ್ಷೆ ಮಾಡಿತ್ತು. ಸರ್ಕಾರಿ ಶಾಲೆಗಳ ಟೀಚರುಗಳಲ್ಲಿ 100ಕ್ಕೆ 94 ಜನ ಕ್ಲಾಸಿಗೆ ಬೇಕಾದ ಸಾಮಾನನ್ನು ಸ್ವಂತ ದುಡ್ಡಿನಲ್ಲಿ ತಂದಿದ್ದರು. ಹಾಗೆ ಖರ್ಚು ಮಾಡಿದವರಲ್ಲಿ ಒಬ್ಬೊಬ್ಬರದು ಸರಾಸರಿ 479 ಡಾಲರ್. ಟೀಚರುಗಳು ಹೀಗೆ ಖರ್ಚು ಮಾಡೇ ಮಾಡುತ್ತಾರೆ ಅನ್ನೋದು ಅಲ್ಲಿನ ಸರ್ಕಾರಕ್ಕೆ ಎಷ್ಟು ಗೊತ್ತು ಅಂದರೆ, ವರ್ಷಕ್ಕೆ ಒಂದು ಮಿತಿಯವರೆಗಿನ ಇಂಥಾ ಖರ್ಚನ್ನು ಆದಾಯ ತೆರಿಗೆ ಲೆಕ್ಕದಲ್ಲಿ ಕಳೆದುಕೊಳ್ಳೋಕೆ ಕಾನೂನಿನಲ್ಲೇ ಜಾಗ ಮಾಡಿದ್ದಾರೆ. ಶಾಲೆಗೆ ಸಾಮಾನು ಕೊಡೋ ಬದಲು, ನೀವೇ ತಂದುಕೊಳ್ಳಿ, ತೆರಿಗೆಯಲ್ಲಿ ಚೂರು ಬಿಡ್ತೀವಿ ಅಂದ ಹಾಗೆ.

ಬ್ರನ್ಸನ್ ಅವರಿಗೆ ಇದು ಗೊತ್ತಿತ್ತು, ಟೀಚರ್ ಮಗಳಲ್ಲವಾ. ಧಾರಾವಾಹಿಯ ಪ್ರಚಾರಕ್ಕೆ ಅಂತ ಇದ್ದ ಹಣದಲ್ಲಿ ಸ್ವಲ್ಪವನ್ನು ಟೀಚರುಗಳಿಗೆ ಸಾಮಾನು ಕೊಡಿಸೋಕೆ ಬಳಸಿದೆವು ಅಂತ ಅವರು ಹೇಳಿದ್ದಾರೆ. ಒಳ್ಳೇ ಕೆಲಸವೇ. ಆದರೆ ಯೋಚನೆ ಮಾಡಿ, ಪೆನ್ಸಿಲ್ಲು, ಪೇಪರಿಗೆ ಟೀಚರ್ ಜೇಬು ಇಲ್ಲವೇ ಒಂದು ಟಿವಿ ಹಾಸ್ಯದ ಪ್ರಚಾರದ ಹಣ. ಇವೆರಡರ ಮಧ್ಯೆ ಇರಬೇಕಾದವರು ಎಲ್ಲಿ?

ಅವರು ಎಲ್ಲಿದ್ದರು ಅಂತ ಕೇಳಿದವರೂ ಇದ್ದಾರೆ. ಅಮೆರಿಕದಲ್ಲಿ ಶಾಲೆಗೆ ಬರೋ ಹಣದ ದೊಡ್ಡ ಪಾಲು ಆಯಾ ಊರಿನ ಮನೆ, ಜಮೀನಿನ ಮೇಲಿನ ತೆರಿಗೆಯಿಂದ ಬರುತ್ತದೆ. ನಮ್ಮಲ್ಲಿ ಟೀಚರುಗಳ ಸಂಬಳ ರಾಜ್ಯ ಸರ್ಕಾರದ್ದು, ಊರು ಬಡವಾಗಿದ್ದರೂ ಸಂಬಳ ಒಂದೇ. ಅಲ್ಲಿ ಹಾಗಲ್ಲ. ಮನೆಗಳ ಬೆಲೆ ಜಾಸ್ತಿ ಇರೋ ಕಡೆ ತೆರಿಗೆ ಜಾಸ್ತಿ, ಶಾಲೆಯೂ ಚೆಂದ. ಮನೆಗಳಿಗೆ ಬೆಲೆ ಇಲ್ಲದ ಕಡೆ ಶಾಲೆಗೂ ಕಾಸಿಲ್ಲ. ಇದು ಅನ್ಯಾಯ ಅಂತ ಪೆನ್ಸಿಲ್ವೇನಿಯಾದ ಕೆಲವು ಶಾಲಾ ಜಿಲ್ಲೆಗಳು ಮತ್ತು ಪಾಲಕರು ಸೇರಿ 2014ರಲ್ಲಿ ಕೋರ್ಟಿಗೆ ಹೋದರು. ವಿಚಾರಣೆ ಶುರುವಾದದ್ದು 2021ರ ನವೆಂಬರಿನಲ್ಲಿ. ಧಾರಾವಾಹಿಯ ಮೊದಲ ಕಂತು ಬಂದದ್ದು ಅದೇ ವರ್ಷ ಡಿಸೆಂಬರ್ 7ಕ್ಕೆ. ಅಂದರೆ ಜನ ಟಿವಿಯಲ್ಲಿ ಜಮಖಾನದ ಕಥೆ ನೋಡಿ ನಗುತ್ತಿದ್ದಾಗ, ಅದೇ ರಾಜ್ಯದ ಕೋರ್ಟಿನಲ್ಲಿ ನಿಜವಾದ ಶಾಲೆಗಳ ಕಥೆಯನ್ನು ಸಾಕ್ಷಿಗಳು ಹೇಳುತ್ತಿದ್ದರು.

2023ರ ಫೆಬ್ರವರಿ 7ರಂದು ತೀರ್ಪು ಬಂತು. ಒಟ್ಟು 786 ಪುಟ. ಹೀಗೆ ಹಣ ಹಂಚೋದು ರಾಜ್ಯದ ಸಂವಿಧಾನಕ್ಕೆ ವಿರುದ್ಧ, ಬಡ ಜಿಲ್ಲೆಗಳ ಮಕ್ಕಳಿಗೆ ಇದರಿಂದ ಅನ್ಯಾಯ ಆಗಿದೆ ಅಂತ ಕೋರ್ಟು ಹೇಳಿತು. ಜನೀನ್ ‘ಬೇಡ’ ಅಂದದ್ದು ಇದಾಗಿ ಎರಡೂವರೆ ತಿಂಗಳಿಗೆ.

ಅದೇ ಏಪ್ರಿಲ್ ತಿಂಗಳಲ್ಲೇ ಫಿಲಡೆಲ್ಫಿಯಾದಲ್ಲಿ ಇನ್ನೊಂದು ನಡೆಯಿತು. ಫ್ರಾಂಕ್‌ಫರ್ಡ್ ಹೈಸ್ಕೂಲಿನ ಕಟ್ಟಡವನ್ನು ಮುಚ್ಚಿದರು. ಕಾರಣ ಆಸ್‌ಬೆಸ್ಟಾಸ್. ನಮ್ಮ ಊರುಗಳಲ್ಲಿ ಸಿಮೆಂಟ್ ಶೀಟು ಅಂತ ಕೊಟ್ಟಿಗೆಗೆ, ಮನೆಗೆ ಹಾಕುತ್ತೇವಲ್ಲ, ಅದರಲ್ಲೂ ಬಹಳ ಸಲ ಇರೋದು ಇದೇ. ಅಲ್ಲಿನ ಹಳೇ ಕಟ್ಟಡಗಳಲ್ಲಿ ಪೈಪಿನ ಸುತ್ತ, ಗೋಡೆ ಗಾರೆಯಲ್ಲಿ ಇದನ್ನು ತುಂಬಿದ್ದರು. ಅದು ಗಟ್ಟಿಯಾಗಿ ಇರೋವರೆಗೆ ಅಪಾಯ ಕಡಿಮೆ. ಒಡೆದು ಪುಡಿಯಾದರೆ ಕಣ್ಣಿಗೆ ಕಾಣದಷ್ಟು ಸಣ್ಣ ನಾರು ಗಾಳಿಯಲ್ಲಿ ಸೇರಿ ಶ್ವಾಸಕೋಶಕ್ಕೆ ಹೋಗುತ್ತದೆ. ಹತ್ತಾರು ವರ್ಷ ಆದಮೇಲೆ ಕ್ಯಾನ್ಸರ್ ಆಗಿ ಎದ್ದು ಬರಬಹುದು. ಆ ವರ್ಷ ಆ ನಗರದಲ್ಲಿ ಇದೇ ಕಾರಣಕ್ಕೆ ಇನ್ನೂ ಕೆಲವು ಶಾಲೆಗಳನ್ನು ಮುಚ್ಚಬೇಕಾಯಿತು.

ನಾವು ಐವರೂ ಪತ್ರಿಕೋದ್ಯಮ ಓದಿದವರು. ಒಂದೇ ಊರು, ಒಂದೇ ತಿಂಗಳು. ಒಂದು ಸುದ್ದಿ, ಟೀಚರ್ ಮತ್ತು ಮೇಷ್ಟ್ರು ಕೂಡಲಿಲ್ಲ ಅನ್ನೋದು. ಇನ್ನೊಂದು, ಶಾಲೆ ಮುಚ್ಚಿತು ಅನ್ನೋದು. ನಮ್ಮವರೆಗೆ, ಏಳು ಸಮುದ್ರ ದಾಟಿ, ತಾನಾಗಿ ಬಂದು ಮುಟ್ಟಿದ್ದು ಮೊದಲನೆಯದು. ಎರಡನೆಯದನ್ನು ನಾವು ಹುಡುಕಿ ಓದಬೇಕಾಯಿತು. ಹಾಗಂತ ಧಾರಾವಾಹಿ ಬೇಡ ಅನ್ನೋಕೆ ಆಗಲ್ಲ. ಮೊದಲನೆಯದು ಇರದಿದ್ದರೆ ಎರಡನೆಯದನ್ನು ಹುಡುಕೋಕೂ ನಾವು ಹೋಗುತ್ತಿರಲಿಲ್ಲ.

ಹಣ್ಣಿರೋ ಮರಕ್ಕೇ ಕಲ್ಲು

ಇನ್ನೊಂದು ಪ್ರತಿಕ್ರಿಯೆ ಇದೆ. ಇದನ್ನು ಓದಿದಾಗ ನಮಗೆ ನಗು ನಿಂತೇ ಹೋಯಿತು.

ಮೊದಲ ಸೀಸನ್ ಮುಗಿದದ್ದು 2022ರ ಏಪ್ರಿಲ್ 12ಕ್ಕೆ. ಮಕ್ಕಳನ್ನು ಮೃಗಾಲಯಕ್ಕೆ ಕರಕೊಂಡು ಹೋಗೋ ಕಂತು, ನಗುನಗುತ್ತಾ ಮುಗಿಯಿತು. ಆರು ವಾರ ಆದಮೇಲೆ, ಮೇ 24ರಂದು, ಟೆಕ್ಸಸ್ ರಾಜ್ಯದ ಯುವಾಲ್ಡಿ ಅನ್ನೋ ಸಣ್ಣ ಊರಿನ ರಾಬ್ ಎಲಿಮೆಂಟರಿ ಶಾಲೆಗೆ ಒಬ್ಬ ಬಂದೂಕು ಹಿಡಿದು ನುಗ್ಗಿದ. 19 ಮಕ್ಕಳನ್ನು, ಇಬ್ಬರು ಟೀಚರುಗಳನ್ನು ಕೊಂದ. ಸತ್ತ ಮಕ್ಕಳು ನಮ್ಮ ಮೂರನೇ, ನಾಲ್ಕನೇ ಕ್ಲಾಸಿನ ಮಕ್ಕಳ ವಯಸ್ಸಿನವರು.

ಮರುದಿನ ಬ್ರನ್ಸನ್ ಒಂದು ವಿಷಯ ಹಂಚಿಕೊಂಡರು. ನಿಮ್ಮ ಧಾರಾವಾಹಿಯಲ್ಲಿ ಶಾಲೆಯೊಳಗೆ ಗುಂಡು ಹಾರೋ ಒಂದು ಕಂತು ಮಾಡಿ, ಅದನ್ನು ನೋಡಿಯಾದರೂ ಸರ್ಕಾರಕ್ಕೆ ಕಾನೂನು ತರಬೇಕು ಅಂತ ಅರ್ಥ ಆಗಲಿ, ಅಂತ ಬಹಳ ಜನ ಅವರಿಗೆ ಬರೆಯುತ್ತಿದ್ದರಂತೆ. ಕೇಳಿದವರು ಕೆಟ್ಟವರಲ್ಲ. ಧಾರಾವಾಹಿಯನ್ನು ಪ್ರೀತಿಸೋರು, ಮಕ್ಕಳ ಸಾವು ನೋಡಿ ಸಂಕಟ ಪಟ್ಟೋರು. ಬ್ರನ್ಸನ್ ಅದಕ್ಕೂ ಆಗಲ್ಲ ಅಂದರು. ನೀವು ಆರಿಸಿ ಕಳಿಸಿದ ರಾಜಕಾರಣಿಗಳನ್ನು ಕೇಳೋ ಬದಲು ಮನರಂಜನೆಯನ್ನು ಕೇಳುತ್ತಿದ್ದೀರಲ್ಲ, ಆ ಶಕ್ತಿಯನ್ನು ಅಲ್ಲಿ ಖರ್ಚು ಮಾಡಿ ಅಂತ ಬೇಡಿಕೊಂಡರು.

ಇದನ್ನು ನಮ್ಮ ಜಗಳದ ಪಕ್ಕದಲ್ಲಿ ಇಟ್ಟು ನೋಡಿ. ಜನೀನ್ ಪಾತ್ರ ಬರೆದವರೂ ಅವರೇ, ಮಾಡಿದವರೂ ಅವರೇ. ಧಾರಾವಾಹಿಯೊಳಗೆ ಆ ಟೀಚರ್ ಬೇಡ ಅನ್ನೋಕೆ ಒಂದು ವರ್ಷ ಮೊದಲೇ ಹೊರಗೆ ಅದನ್ನು ಬರೆಯೋ ಹೆಂಗಸು ಆಗಲ್ಲ ಅಂದಾಗಿತ್ತು. ಯಾರ ಹತ್ತಿರ ಕೇಳಬೇಕೋ ಅವರ ಹತ್ತಿರ ಕೇಳಿ ಅನ್ನೋದು ಅದರ ತಿರುಳು.

ಹಣ್ಣಿರೋ ಮರಕ್ಕೇ ಕಲ್ಲು ಬೀಳೋದು ಅಂತಾರಲ್ಲ, ಹಾಗೆ. ಯಾರು ಕೊಡುತ್ತಾ ಇರುತ್ತಾರೋ ಅವರ ಹತ್ತಿರವೇ ಮತ್ತೆ ಮತ್ತೆ ಕೇಳುತ್ತೇವೆ. ಟೀಚರ್ ಪೆನ್ಸಿಲ್ ತರುತ್ತಾರೆ, ಅವರನ್ನೇ ಪುಸ್ತಕ ಕೇಳೋಣ. ಹಾಸ್ಯ ಬರೆಯೋರು ನಮ್ಮ ಮಾತಿಗೆ ಕಿವಿ ಕೊಡುತ್ತಾರೆ, ಅವರನ್ನೇ ಕಾನೂನು ಕೇಳೋಣ. ಕೊಡಬೇಕಾದವರ ಬಾಗಿಲು ದೂರ, ಅಲ್ಲಿಗೆ ಹೋದರೆ ಕಾಯಿಸುತ್ತಾರೆ, ನಾಳೆ ಬಾ ಅನ್ನುತ್ತಾರೆ. ಇವರ ಬಾಗಿಲು ತೆರೆದೇ ಇರುತ್ತದೆ. ಒಂದು ದಿನ ಈ ಬಾಗಿಲು ಮುಚ್ಚಿದರೆ ಸಿಟ್ಟು ಬರೋದು ಈ ಬಾಗಿಲಿನ ಮೇಲೆ.

ನಮ್ಮೂರಲ್ಲಿ ಬಂದ ಪ್ರತಿಕ್ರಿಯೆ

ಇಷ್ಟೆಲ್ಲಾ ದೂರದ ಮಾತು ಯಾಕೆ ಅಂತ ಕೇಳೋರಿಗೆ ಹತ್ತಿರದ ಮಾತೊಂದು.

ಅಕ್ಕ ಅತಿಥಿ ಶಿಕ್ಷಕಿ ಅಂದೆವಲ್ಲ. ಖಾಲಿ ಇರೋ ಹುದ್ದೆಗೆ ವರ್ಷ ವರ್ಷ ಹೊಸದಾಗಿ ತಗೊಳ್ಳೋದು. ಮಾರ್ಚ್, ಏಪ್ರಿಲ್ ಹೊತ್ತಿಗೆ ಅವರ ಸೀಸನ್ ಮುಗಿಯುತ್ತದೆ. ಬೇಸಿಗೆ ರಜೆಯ ತಿಂಗಳುಗಳಿಗೆ ಗೌರವಧನ ಇಲ್ಲ. ಶಾಲೆ ಶುರುವಾದಮೇಲೆ ಮತ್ತೆ ಕರೆದರೆ ಉಂಟು, ಆ ಹುದ್ದೆಗೆ ಕಾಯಂ ಟೀಚರ್ ವರ್ಗವಾಗಿ ಬಂದರೆ ಇಲ್ಲ. ಗ್ರೆಗರಿ ಬದಲಿ ಮೇಷ್ಟ್ರಾಗಿದ್ದವನು ಮುಂದಿನ ಸೀಸನ್ನಿಗೆ ಕಾಯಂ ಆದಾಗ ಅಕ್ಕ, “ಇದೊಂದು ನಂಬೋಕಾಗಲ್ಲ ನೋಡು” ಅಂತ ನಕ್ಕಿದ್ದರು.

ಹೋದ ವರ್ಷ ಏಪ್ರಿಲ್ ಹತ್ತಕ್ಕೆ ಫಲಿತಾಂಶ ಹೇಳಿದ ದಿನ ಕೆಲವು ಪಾಲಕರು ಅಕ್ಕನನ್ನು ಹಿಡಿದುಕೊಂಡರು. “ಟೀಚರ್, ರಜೆಯಲ್ಲಿ ಮಕ್ಕಳು ಮೊಬೈಲ್ ಹಿಡಕೊಂಡು ಹಾಳಾಗ್ತಾವೆ. ಬೆಳಿಗ್ಗೆ ಎರಡು ಗಂಟೆ ಶಾಲೆ ಜಗಲಿ ಮೇಲೆ ಕೂರಿಸಿಕೊಂಡು ಒಂಚೂರು ಹೇಳಿಕೊಡಿ. ನೀವಾದರೆ ಮಾಡ್ತೀರ.” ಅದಕ್ಕೂ ಹಿಂದಿನ ವರ್ಷ ಮಾಡಿದ್ದರು. ಡ್ರಾಯಿಂಗ್ ಹಾಳೆ, ಬಣ್ಣದ ಪೆನ್ನು, ಮಧ್ಯೆ ಮಕ್ಕಳಿಗೆ ಬಿಸ್ಕತ್ತು, ಎಲ್ಲಾ ತಾವೇ ತಂದು.

ಆ ಸಲ ಅಕ್ಕ, “ಆಗಲ್ಲ ಕಣಮ್ಮಾ” ಅಂದರು. ಎರಡು ತಿಂಗಳಿಗೆ ಪೇಟೆಯ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ್ದರು. ಮದುವೆ ಸೀಸನ್, ಅಂಗಡಿಯವರಿಗೆ ಜನ ಬೇಕು, ಅಕ್ಕನಿಗೆ ದುಡ್ಡು ಬೇಕು. ಬೆಳಿಗ್ಗೆ ಮೊದಲ ಬಸ್ಸಿಗೆ ಹೋಗಬೇಕು.

ಊರಲ್ಲಿ ಮಾತು ಶುರುವಾಯಿತು. ಅಷ್ಟು ಒಳ್ಳೇ ಟೀಚರು, ಈ ಸಲ ಏನೋ ಬದಲಾಗಿಬಿಟ್ಟರು. ದುಡ್ಡಿನ ಆಸೆ ಬಂತು. ಬಟ್ಟೆ ಅಂಗಡಿಗೆ ಹೋಗೋಕೆ ಟೈಮಿದೆ, ಮಕ್ಕಳಿಗಿಲ್ಲ. ಯಾರೂ ಮುಖದ ಮೇಲೆ ಅನ್ನಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ, ಡೇರಿ ಹತ್ತಿರ, ಅಲ್ಲಲ್ಲಿ ಅಂದದ್ದು ಅಕ್ಕನ ಕಿವಿಗೆ ಬಂತು. ಹೀಗಂದವರಲ್ಲಿ ಯಾರೊಬ್ಬರೂ, ಈ ಎರಡು ತಿಂಗಳು ಟೀಚರ್ ಊಟಕ್ಕೆ ಏನು ಮಾಡುತ್ತಾರೆ ಅಂತ ಕೇಳಲಿಲ್ಲ. ಮಕ್ಕಳಿಗೆ ಬೇಸಿಗೆಯಲ್ಲಿ ಏನಾದರೂ ಮಾಡಿ ಅಂತ ಶಾಲಾಭಿವೃದ್ಧಿ ಸಮಿತಿಯನ್ನಾಗಲಿ ಪಂಚಾಯ್ತಿಯನ್ನಾಗಲಿ ಕೇಳಲಿಲ್ಲ.

ನಾವು ಆ ಕೊನೆಯ ಕಂತು ನೋಡಿದ್ದು ಆ ಬೇಸಿಗೆಯಲ್ಲೇ. ಈಗ ಅರ್ಥವಾಯಿತಲ್ಲ, ಬೀನ್ಸ್ ನಾರು ತೆಗೆಯುತ್ತಿದ್ದ ಅಕ್ಕ ಯಾಕೆ ಅಷ್ಟು ಬೇಗ ಬಾಯಿ ಹಾಕಿದರು ಅಂತ.

‘ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ ಕಾಸರಗೋಡು’ ಸಿನಿಮಾ ನಮ್ಮ ಕಡೆಯವರೆಲ್ಲ ನೋಡಿದ್ದೀವಿ. 2018ರಲ್ಲಿ ಬಂದಾಗ ಥಿಯೇಟರಿನಲ್ಲಿ ಶಿಳ್ಳೆ ಹೊಡೆದವರು, ಮೊಬೈಲಿನಲ್ಲಿ ನೋಡಿ ಸ್ಟೇಟಸ್ ಹಾಕಿದವರು ನಮ್ಮಲ್ಲೂ ಇದ್ದಾರೆ. ಶಾಲೆ ಉಳಿಯಲಿ ಅಂತ ಪರದೆ ಮುಂದೆ ಕೂತು ಆಸೆ ಪಡೋದು ಸುಲಭ, ಅದರಲ್ಲಿ ಸುಳ್ಳೂ ಇಲ್ಲ. ಆ ಆಸೆ ಮಾರನೇ ದಿನ ಯಾವ ಬಾಗಿಲು ತಟ್ಟುತ್ತದೆ ಅನ್ನೋದೇ ಪ್ರಶ್ನೆ.

ಮತ್ತೆ ಏನಾಯಿತು?

ಜನೀನ್ ಕಥೆ ಮುಂದೇನಾಯಿತು ಅಂತ ಕೇಳುತ್ತೀರ, ಹೇಳಿಬಿಡೋಣ. 2023ರ ಮೇ 2ರಿಂದ ಅಮೆರಿಕದ ಸಿನಿಮಾ, ಟಿವಿ ಬರಹಗಾರರು ಮುಷ್ಕರ ಹೂಡಿದರು. ಸಂಬಳ, ಕೆಲಸದ ಭದ್ರತೆ ವಿಷಯಕ್ಕೆ ಅವರೂ ‘ಆಗಲ್ಲ’ ಅಂದ ಹಾಗಾಯಿತು. ಸೆಪ್ಟೆಂಬರ್ ಕೊನೆವರೆಗೆ ಬರವಣಿಗೆ ನಿಂತಿತು. ನಟರೂ ಮುಷ್ಕರಕ್ಕಿಳಿದಿದ್ದರು. ಹಾಗಾಗಿ ಮೂರನೇ ಸೀಸನ್ ಶುರುವಾದದ್ದು 2024ರ ಫೆಬ್ರವರಿ 7ಕ್ಕೆ. ನೋಡುಗರು ಒಂಬತ್ತೂವರೆ ತಿಂಗಳು ಕಾದರು. ಹಿಂದಿನ ಸೀಸನ್ನಿಗೆ 22 ಕಂತು ಇದ್ದರೆ ಇದಕ್ಕೆ 14 ಮಾತ್ರ.

ಆ ಸೀಸನ್ನಿನ ಕೊನೆಯ ಕಂತು ಬಂದದ್ದು ಮೇ 22ಕ್ಕೆ. ಶಾಲೆ ವರ್ಷ ಮುಗಿದ ಖುಷಿಗೆ ಜನೀನ್ ತನ್ನ ಮನೆಯಲ್ಲಿ ಎಲ್ಲರಿಗೂ ಪಾರ್ಟಿ ಕೊಡುತ್ತಾಳೆ. ಎಲ್ಲ ಹೋದಮೇಲೆ ಗ್ರೆಗರಿ ವಾಪಸ್ ಬರುತ್ತಾನೆ. ಈ ಸಲ ಜನೀನ್ ಬೇಡ ಅನ್ನಲಿಲ್ಲ. ಹೋದ ಸಲ ಮುನಿಸಿಕೊಂಡಿದ್ದವರಿಗೆ ಹಬ್ಬವೋ ಹಬ್ಬ. ನಮ್ಮ ಗುಂಪಿನ ಆ ಇಬ್ಬರೂ ಕೂಗಿ ಕುಣಿದರು.

ಆದರೆ ಅದೇ ‘ಹೂಂ’ ಹೋದ ವರ್ಷವೇ ಬಂದಿದ್ದರೆ ಅದು ಇನ್ನೊಬ್ಬರಿಗಾಗಿ ಅಂದ ಹೂಂ ಆಗುತ್ತಿತ್ತು. ಈ ಸಲ ತನ್ನ ಮನೆಯಲ್ಲಿ ನಿಂತು, ತನಗೆ ಬೇಕು ಅನ್ನಿಸಿದಾಗ ಅಂದದ್ದು. ಬೇಡ ಅನ್ನೋಕೆ ಬರದವರ ಹೂಂಗೆ ಬೆಲೆ ಕಟ್ಟೋದು ಹೇಗೆ?

ನಮ್ಮ ಅಕ್ಕನ ಕಥೆಯಲ್ಲಿ ಇಷ್ಟು ಚೆಂದದ ಕೊನೆ ಕಂತು ಇನ್ನೂ ಬಂದಿಲ್ಲ. ಜೂನ್ ತಿಂಗಳಲ್ಲಿ ಮತ್ತೆ ಅದೇ ಶಾಲೆಗೆ ಕರೆದರು, ಹೋದರು. ಅಕ್ಕ ಯಾಕೆ ಆಗಲ್ಲ ಅಂದರು ಅಂತ ನಾವು ಮನೆಮನೆಗೆ ಹೋಗಿ ಭಾಷಣ ಮಾಡಲಿಲ್ಲ. ಬೇಸಿಗೆಯಲ್ಲಿ ಅತಿಥಿ ಶಿಕ್ಷಕರು ಏನು ಕೆಲಸ ಮಾಡುತ್ತಾರೆ ಅಂತ ಸುತ್ತಮುತ್ತಲಿನ ಐದಾರು ಜನರನ್ನು ಮಾತಾಡಿಸಿದೆವು, ಅಷ್ಟೇ. ಒಬ್ಬರು ಹೊಲಿಗೆ ಹೊಲಿಯುತ್ತಾರೆ, ಒಬ್ಬರು ಅಡಿಕೆ ಸುಲಿಯೋಕೆ ಹೋಗುತ್ತಾರೆ, ಒಬ್ಬ ಮೇಷ್ಟ್ರು ಬಾಡಿಗೆ ಆಟೋ ಓಡಿಸುತ್ತಾರೆ. ಅದನ್ನು ಊರಿನ ವಾಟ್ಸಾಪ್ ಗುಂಪಿನಲ್ಲಿ ಹಾಕಿದೆವು. ಮೊದಲು ಬಂದದ್ದು ಅಳೋ ಮುಖದ ಚಿತ್ರಗಳು, ಕೈ ಮುಗಿಯೋ ಚಿತ್ರಗಳು. ಆಮೇಲೆ ಒಬ್ಬ ತಾಯಿ ಬರೆದರು, “ಹಂಗಾದ್ರೆ ಟೀಚರನ್ನ ಬಿಟ್ಟಿ ಕರೆದಿದ್ವಾ ನಾವು?”

ಈ ವರ್ಷ ಏಪ್ರಿಲ್ ಹತ್ತಕ್ಕೆ ಆ ತಾಯಿ ಮತ್ತು ಇನ್ನೂ ಏಳೆಂಟು ಜನ ಅಕ್ಕನ ಹತ್ತಿರ ಬಂದರು. ಬೇಸಿಗೆ ಕ್ಲಾಸು ಮಾಡ್ತೀರಾ ಅಂತ ಕೇಳಲಿಲ್ಲ. “ಮಾಡೋದಾದರೆ ತಿಂಗಳಿಗೆ ಏನು ಕೊಡಬೇಕು ಟೀಚರ್? ಹಾಳೆ, ಬಣ್ಣಕ್ಕೆ ಬೇರೆ. ನಾವೊಂದಿಷ್ಟು ಹಾಕ್ತೀವಿ, ಉಳಿದದ್ದಕ್ಕೆ ಪಂಚಾಯ್ತಿಗೆ ಅರ್ಜಿ ಕೊಡ್ತೀವಿ. ನಿಮಗೆ ಆಗಲ್ಲ ಅಂದ್ರೂ ಬೇಜಾರಿಲ್ಲ,” ಅಂದರು.

ಪಂಚಾಯ್ತಿಗೆ ಅರ್ಜಿ ಹೋಗಿದೆ. ಏನಾಗುತ್ತೋ ನೋಡಬೇಕು. ಅಲ್ಲಿ ಪೆನ್ಸಿಲ್ವೇನಿಯಾದಲ್ಲಿ 2014ರಲ್ಲಿ ಹಾಕಿದ ಅರ್ಜಿಗೆ ತೀರ್ಪು ಬಂದದ್ದು 2023ಕ್ಕೆ, ಕೇಳಿದ ಕೂಡಲೇ ಯಾರೂ ಕೊಡಲ್ಲ ಅನ್ನೋದು ನಮಗೂ ಗೊತ್ತು. ಆದರೆ ಈ ಸಲ ಕೇಳಿರೋದು ಸರಿಯಾದ ಬಾಗಿಲಲ್ಲಿ.

ನಿಮ್ಮೂರಿನ ಶಾಲೆಯಲ್ಲೂ ಒಬ್ಬರು ಜನೀನ್ ಟೀಚರ್ ಇದ್ದೇ ಇರುತ್ತಾರೆ. ಮುಂದಿನ ಸಲ ಅವರ ಹತ್ತಿರ ಏನಾದರೂ ಕೇಳೋಕೆ ಹೋಗುವ ಮೊದಲು, ಅದನ್ನು ಕೊಡಬೇಕಾದವರು ಅವರೇನಾ ಅಂತ ಒಂದು ಗಳಿಗೆ ಯೋಚಿಸಿ. ಅವರು ಆಗಲ್ಲ ಅಂದರೆ, ಅವರಿಗೂ ಒಂದು ಮನೆ ಇದೆ ಅಂತ ತಿಳಿದುಕೊಳ್ಳಿ.

ಅಕ್ಕ ಏನಂದರು ಅಂತೀರಾ? “ಯೋಚನೆ ಮಾಡಿ ಹೇಳ್ತೀನಿ” ಅಂದಿದ್ದಾರೆ. ಪಾಲಕರು “ಆಯ್ತು ಟೀಚರ್, ನಿಧಾನಕ್ಕೆ ಹೇಳಿ” ಅಂತ ಹೋದರು.